ನಾಗಸಾಕಿ: ಬಾಂಬಿಗೆ ಮೊದಲೂ ಒಂದು ಊರಿತ್ತು

ನಾಗಸಾಕಿ ಎಂದರೆ ನಮಗೆ 1945ರ ಆಗಸ್ಟ್ 9. ಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಮುಗಿಯುವ ಹೊತ್ತಿಗೆ ಹಿರೋಷಿಮಾದ ಬೆನ್ನಿಗೇ ಬರುವ ಹೆಸರು ಅದು. ಅಲ್ಲಿಗೆ ಪಾಠವೂ ಮುಗಿಯುತ್ತದೆ, ಆ ಊರಿನ ಬಗ್ಗೆ ನಮ್ಮ ತಿಳಿವಳಿಕೆಯೂ ಮುಗಿಯುತ್ತದೆ. ಆದರೆ ಆ ದಿನಕ್ಕೆ ಮೊದಲೇ ಆ ಊರು 374 ವರ್ಷ ಬಂದರಾಗಿ ಬಾಳಿತ್ತು. ಪೋರ್ಚುಗೀಸರು, ಚೀನೀಯರು, ಡಚ್ಚರು, ಬ್ರಿಟಿಷರು ಒಬ್ಬರಾದ ಮೇಲೊಬ್ಬರು ಬಂದಿಳಿದಿದ್ದರು. ಆ ಕಥೆ ಗೊತ್ತಿಲ್ಲದೆ ಬಾಂಬು ಬಿದ್ದ ಜಾಗದಲ್ಲಿ ಹೋಗಿ ನಿಂತರೆ ಕಳೆದುಹೋದದ್ದು ಏನು ಎಂಬುದೇ ಅರ್ಥವಾಗುವುದಿಲ್ಲ.

ಇಂದು ಈ ಮಾತು ಎತ್ತಲು ಕಾರಣವಿದೆ. ವಿಮಾನದಲ್ಲಿ ಹೋಗಿ ಟೋಕಿಯೊ, ಕ್ಯೋಟೊ ನೋಡಿ ಬರುತ್ತಿದ್ದ ನಮ್ಮವರು ಈಗ ಕ್ರೂಸ್ ಹಡಗುಗಳಲ್ಲೂ ಜಪಾನ್ ಸುತ್ತುತ್ತಿದ್ದಾರೆ. ಈ ಹಡಗುಗಳು ಹೆಚ್ಚಾಗಿ ನಿಲ್ಲುವ ಬಂದರುಗಳಲ್ಲಿ ಕ್ಯೂಷು ದ್ವೀಪದ ಪಶ್ಚಿಮ ಅಂಚಿನ ನಾಗಸಾಕಿಯೂ ಒಂದು. ಸಾಮಾನ್ಯವಾಗಿ ಹಡಗು ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತದೆ. ವಲಸೆ ತಪಾಸಣೆಯ ಸಾಲು, ಹಡಗಿಗೆ ಮರಳಬೇಕಾದ ಗಡುವು ಎಲ್ಲ ಕಳೆದರೆ ಊರಿಗೆಂದು ಉಳಿಯುವುದು ಐದಾರು ಗಂಟೆ. ಅಷ್ಟರಲ್ಲಿ ಏನು ನೋಡಬೇಕು, ಯಾವುದಾದ ಮೇಲೆ ಯಾವುದನ್ನು ನೋಡಬೇಕು ಎಂಬುದು ಈ ಊರಿನ ಮಟ್ಟಿಗೆ ದೊಡ್ಡ ಪ್ರಶ್ನೆ.

ನೋಡುವುದು ಹಡಗಿನ ಮೇಲಿನಿಂದಲೇ ಶುರುವಾಗಬೇಕು. ಆ ದಿನ ಬೇಗ ಎದ್ದು ಡೆಕ್ಕಿಗೆ ಬನ್ನಿ. ನಾಗಸಾಕಿಯ ಬಂದರು ಗುಡ್ಡಗಳ ನಡುವೆ ಒಳಕ್ಕೆ ಚಾಚಿಕೊಂಡ ಉದ್ದನೆಯ, ಕಿರಿದಾದ, ಆಳವಾದ ಕೊಲ್ಲಿ. ಬಿರುಗಾಳಿಗೆ ಸಿಗದ ಈ ಆಳದ ನೀರೇ ಊರು ಹುಟ್ಟಲು ಕಾರಣ. ಕೊಲ್ಲಿಯ ಬಾಯಿಗೆ ಅಡ್ಡಲಾಗಿ 2005ರಲ್ಲಿ ತೆರೆದ ಮೆಗಾಮಿ ಸೇತುವೆ ಇದೆ. ನೀರಿನಿಂದ ಸುಮಾರು 65 ಮೀಟರ್ ಎತ್ತರದ ಆ ಸೇತುವೆಯಡಿ ಹಡಗು ನುಸುಳಿ ಬರುವಾಗ ಎಡಕ್ಕೆ ಮಿತ್ಸುಬಿಷಿ ಹಡಗುಕಟ್ಟೆ ಕಾಣುತ್ತದೆ. 1909ರಲ್ಲಿ ನಿಲ್ಲಿಸಿದ ದೈತ್ಯ ಕ್ರೇನ್ ಅಲ್ಲಿ ಈಗಲೂ ಇದೆ. ಜಪಾನಿನ ಅತಿ ದೊಡ್ಡ ಯುದ್ಧನೌಕೆಗಳಲ್ಲಿ ಒಂದಾದ ಮುಸಾಷಿ ತಯಾರಾದದ್ದು ಇಲ್ಲೇ. ಎದುರು ಗುಡ್ಡದ ಮೇಲಿದ್ದವರ ಕಣ್ಣಿಗೆ ಬೀಳಬಾರದೆಂದು ನಾರಿನ ಹಗ್ಗದ ಭಾರೀ ಪರದೆ ಕಟ್ಟಿ ಅದನ್ನು ಮರೆಮಾಡಿದ್ದರು. 2020ರಲ್ಲಿ ಕೋವಿಡ್ ಕಾರಣಕ್ಕೆ ಯೊಕೊಹಾಮಾದಲ್ಲಿ ಸಿಕ್ಕಿಬಿದ್ದ, ಭಾರತೀಯ ಸಿಬ್ಬಂದಿಯೂ ಇದ್ದ ಡೈಮಂಡ್ ಪ್ರಿನ್ಸೆಸ್ ಹಡಗು ಕೂಡ ಇದೇ ಕಟ್ಟೆಯಲ್ಲಿ ತಯಾರಾಗಿ 2004ರಲ್ಲಿ ಸೇವೆಗಿಳಿದದ್ದು.

ಹಡಗು ನಿಲ್ಲುವ ಮತ್ಸುಗಾಎ ಧಕ್ಕೆ ಊರಿನ ಒಳಗೇ ಇದೆ. ಬಸ್ಸಿನಲ್ಲಿ ಗಂಟೆಗಟ್ಟಲೆ ಹೋಗಬೇಕಾದ ಬಂದರಲ್ಲ ಇದು. ಹೊರಗೆ ಬಂದು ಹತ್ತು ನಿಮಿಷ ಏರು ಹತ್ತಿದರೆ ಓಉರಾ ಚರ್ಚು, ಅದರ ಪಕ್ಕದಲ್ಲೇ ಗ್ಲೋವರ್ ತೋಟ. ಹೆಚ್ಚಿನವರು ಇವೆರಡನ್ನೂ ಕಡೆಗೆ ನೋಡಿದರಾಯಿತು ಎಂದು ಮೊದಲು ದೂರದ, ಬಾಂಬು ಬಿದ್ದ ಕಡೆಯ ಶಾಂತಿ ಉದ್ಯಾನಕ್ಕೆ ಹೋಗುತ್ತಾರೆ. ಸಮಯದ ಲೆಕ್ಕದಲ್ಲಿ ಅದು ಸರಿಯೇ. ಆದರೂ ನಾನು ಹೇಳುವುದು ಬೇರೆ. ಇತಿಹಾಸ ನಡೆದ ಕ್ರಮದಲ್ಲೇ ನಡೆಯಿರಿ, ಬಾಂಬಿನ ನೆಲವನ್ನು ಕೊನೆಗೆ ಇಟ್ಟುಕೊಳ್ಳಿ. ಏಕೆಂದರೆ ಓಉರಾದ ಕಥೆಯೂ ಬಾಂಬು ಬಿದ್ದ ಉರಕಾಮಿಯ ಕಥೆಯೂ ಒಂದೇ ಜನರ ಕಥೆ.

1571ರಲ್ಲಿ ಇಲ್ಲಿನ ಸಾಮಂತ ದೊರೆ ಓಮುರಾ ಸುಮಿತಾದಾ ಪೋರ್ಚುಗೀಸ್ ವ್ಯಾಪಾರಕ್ಕೆಂದು ಈ ಬಂದರನ್ನು ತೆರೆದ. ಸ್ವತಃ ಕ್ರೈಸ್ತ ಮತಕ್ಕೆ ಸೇರಿದ ಮೊದಲ ಜಪಾನೀ ದೊರೆ ಅವನು. ಪೋರ್ಚುಗೀಸರ ದೊಡ್ಡ ಹಡಗು ಗೋವಾದಿಂದ ಹೊರಟು ಮಲಕ್ಕಾ, ಮಕಾವ್ ಹಾದು ಇಲ್ಲಿಗೆ ಬರುತ್ತಿತ್ತು. ಚೀನಾದ ರೇಷ್ಮೆ ಇಳಿಸಿ ಜಪಾನಿನ ಬೆಳ್ಳಿ ತುಂಬಿಕೊಂಡು ಹೋಗುತ್ತಿತ್ತು. ವ್ಯಾಪಾರದ ಜೊತೆ ಪಾದ್ರಿಗಳೂ ಬಂದರು, ಜನ ಸಾವಿರಗಟ್ಟಲೆ ಮತಾಂತರಗೊಂಡರು. ಇದರ ಹಿಂದೆಯೇ ಪರದೇಶದ ರಾಜ್ಯ ಬಂದೀತೆಂಬ ಭಯ ಆಳುವವರಲ್ಲಿ ಹುಟ್ಟಿತು. 1597ರ ಫೆಬ್ರವರಿಯಲ್ಲಿ ಆಗ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಷಿಯ ಆಜ್ಞೆಯಂತೆ 26 ಮಂದಿಯನ್ನು ಚಳಿಯಲ್ಲಿ ಕ್ಯೋಟೊದಿಂದ ನಡೆಸಿಕೊಂಡು ಬಂದು ನಾಗಸಾಕಿಯ ನಿಷಿಜಾಕಾ ಗುಡ್ಡದ ಮೇಲೆ ಶಿಲುಬೆಗೇರಿಸಿದರು. ಅವರಲ್ಲಿ ಹನ್ನೆರಡು ವರ್ಷದ ಹುಡುಗನಿದ್ದ. ನಮ್ಮ ಪಶ್ಚಿಮ ಕರಾವಳಿಯ, ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಕೂಡ ಇದ್ದ. 1862ರಲ್ಲಿ ಸಂತ ಪದವಿ ಪಡೆದ ಈತ ಭಾರತದಲ್ಲಿ ಹುಟ್ಟಿದವರಲ್ಲಿ ಆ ಪದವಿಗೇರಿದ ಮೊದಲಿಗ. ಇಂದಿನ ನಾಗಸಾಕಿ ರೈಲು ನಿಲ್ದಾಣದ ಹತ್ತಿರ ಆ ಗುಡ್ಡದ ಮೇಲೆ ಸಾಲಾಗಿ 26 ಕಂಚಿನ ಆಕೃತಿಗಳ ಸ್ಮಾರಕವಿದೆ.

1614ರಲ್ಲಿ ಕ್ರೈಸ್ತ ಮತಕ್ಕೆ ದೇಶವಿಡೀ ನಿಷೇಧ ಬಿತ್ತು. ಚರ್ಚುಗಳನ್ನು ಕೆಡವಿದರು, ಪಾದ್ರಿಗಳನ್ನು ಓಡಿಸಿದರು, ಉಳಿದವರನ್ನು ಕೊಂದರು. ನಾಗಸಾಕಿಯ ಸುತ್ತಿನ ಊರುಗಳಲ್ಲಿ ಅಧಿಕಾರಿಗಳು ಜನರನ್ನು ಸಾಲಾಗಿ ನಿಲ್ಲಿಸಿ ಯೇಸುವಿನ ಅಥವಾ ಮರಿಯಮ್ಮನ ಚಿತ್ರವಿರುವ ಫಲಕವನ್ನು ತುಳಿಸುತ್ತಿದ್ದರು. ಹೊಸ ವರ್ಷದ ಹೊತ್ತಿಗೆ ವರ್ಷವರ್ಷವೂ ನಡೆಯುತ್ತಿದ್ದ ಕೆಲಸವಿದು. ತುಳಿಯಲು ಹಿಂದೆಗೆದವರು ಸಿಕ್ಕಿಬೀಳುತ್ತಿದ್ದರು. ಎಷ್ಟೋ ಜನ ತುಳಿದರು, ಮನೆಗೆ ಹೋಗಿ ಗುಟ್ಟಾಗಿ ಕ್ಷಮೆ ಬೇಡಿ ಪ್ರಾರ್ಥಿಸಿದರು. ಹೊರಗೆ ಬೌದ್ಧರಾಗಿ, ಒಳಗೆ ಕ್ರೈಸ್ತರಾಗಿ ಏಳೆಂಟು ತಲೆಮಾರು ಕಳೆದರು. ಪಾದ್ರಿಯಿಲ್ಲ, ಚರ್ಚಿಲ್ಲ, ಪುಸ್ತಕವಿಲ್ಲ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದನ್ನು, ಹಬ್ಬದ ದಿನ ಲೆಕ್ಕ ಹಾಕುವುದನ್ನು ಊರಿನ ಹಿರಿಯರು ಬಾಯಿಂದ ಬಾಯಿಗೆ ಕಲಿಸಿಕೊಟ್ಟರು. ಕೂಸನ್ನೆತ್ತಿಕೊಂಡ ಕನ್ನೊನ್ ವಿಗ್ರಹವನ್ನೇ ಮರಿಯಮ್ಮನೆಂದು ಪೂಜಿಸಿದರು. ಈ ಕನ್ನೊನ್ ನಮಗೆ ಹೊರಗಿನವಳಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರ, ಅಂದರೆ ಬೌದ್ಧರ ಅವಲೋಕಿತೇಶ್ವರನೇ ಚೀನಾದ ದಾರಿಯಲ್ಲಿ ಜಪಾನಿಗೆ ಹೋಗಿ ಈ ರೂಪ ತಾಳಿದ್ದು.

ಓಉರಾ ಚರ್ಚು ಇಷ್ಟೆಲ್ಲ ಆದ ಮೇಲಿನದು. ಇನ್ನೂರಕ್ಕೂ ಹೆಚ್ಚು ವರ್ಷ ಮುಚ್ಚಿಕೊಂಡಿದ್ದ ಜಪಾನ್ ಮತ್ತೆ ಹೊರನಾಡಿಗೆ ಬಾಗಿಲು ತೆರೆದಾಗ ಇಲ್ಲಿ ನೆಲೆಸಿದ ವಿದೇಶೀಯರಿಗಾಗಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇದು ಮುಗಿದದ್ದು 1864ರ ಕೊನೆಯಲ್ಲಿ. ಆಗಲೂ ಜಪಾನೀಯರ ಮಟ್ಟಿಗೆ ನಿಷೇಧ ಜಾರಿಯಲ್ಲೇ ಇತ್ತು. 1865ರ ಮಾರ್ಚ್ 17ರಂದು ಉರಕಾಮಿ ಹಳ್ಳಿಯಿಂದ ಹತ್ತು-ಹದಿನೈದು ಮಂದಿ ರೈತರು ಚರ್ಚು ನೋಡಲು ಬಂದವರಂತೆ ಒಳಗೆ ಬಂದರು. ಅವರಲ್ಲೊಬ್ಬ ಹೆಂಗಸು ಪಾದ್ರಿ ಬರ್ನಾರ್ ಪೆತಿಜಾನ್ ಬಳಿ ಸಾರಿ, ತಮ್ಮೆಲ್ಲರ ಮನಸ್ಸಿನಲ್ಲಿರುವುದೂ ನಿಮ್ಮ ಮನಸ್ಸಿನಲ್ಲಿರುವುದೂ ಒಂದೇ ಎಂದು ಪಿಸುಗುಟ್ಟಿದಳು. ಮರಿಯಮ್ಮನ ಮೂರ್ತಿ ಎಲ್ಲಿದೆ ಎಂದು ಕೇಳಿದಳು. 250 ವರ್ಷ ಮುಚ್ಚಿಟ್ಟುಕೊಂಡ ನಂಬಿಕೆ ಹೊರಬಿದ್ದದ್ದು ಹೀಗೆ. ಆ ಮೂರ್ತಿ ಇಂದೂ ಅದೇ ಚರ್ಚಿನಲ್ಲಿದೆ.

ಹೊರಬಿದ್ದ ನಂಬಿಕೆಗೆ ತೆತ್ತ ಬೆಲೆಯೂ ದೊಡ್ಡದು. 1867ರಿಂದ ಸರ್ಕಾರ ಉರಕಾಮಿಯ ಮೇಲೆ ಎರಗಿತು. ಸುಮಾರು 3,400 ಮಂದಿಯನ್ನು, ಅಂದರೆ ಬಹುತೇಕ ಇಡೀ ಹಳ್ಳಿಯನ್ನೇ, ದೇಶದ ಮೂಲೆಮೂಲೆಗೆ ಗಡೀಪಾರು ಮಾಡಿತು. ಚಿತ್ರಹಿಂಸೆ, ಹಸಿವು, ಕಾಯಿಲೆಗಳಿಂದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಪಾಶ್ಚಾತ್ಯ ದೇಶಗಳ ಒತ್ತಡದಿಂದ 1873ರಲ್ಲಿ ನಿಷೇಧ ತೆಗೆದ ಮೇಲೆ ಬದುಕಿದ್ದವರು ಊರಿಗೆ ಮರಳಿದರು. ಬಂದವರು ದುಡ್ಡು ಕೂಡಿಸಿ ಒಂದು ಜಾಗ ಕೊಂಡರು. ಯಾವ ಗೌಡನ ಮನೆಯಲ್ಲಿ ತಮ್ಮ ಹಿರಿಯರು ವರ್ಷವರ್ಷವೂ ಆ ಫಲಕ ತುಳಿದಿದ್ದರೋ ಅದೇ ಮನೆಯ ಜಾಗ. ಅಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ದುಡ್ಡು ಸಾಲದೆ ನಿಲ್ಲಿಸಿ, ಮತ್ತೆ ಕಟ್ಟಿ 1914ರಲ್ಲಿ ಚರ್ಚು ಮುಗಿಸಿದರು. 1925ರಲ್ಲಿ ಅವಳಿ ಗೋಪುರಗಳೂ ಎದ್ದವು. ಓಉರಾದಲ್ಲಿ ನಿಂತಾಗ ಈ ಉರಕಾಮಿ ಚರ್ಚಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪಕ್ಕದ ಗ್ಲೋವರ್ ತೋಟಕ್ಕೆ ಅರ್ಧ ಗಂಟೆ ಸಾಕು. 1859ರಲ್ಲಿ ಬಂದ ಸ್ಕಾಟ್ಲೆಂಡಿನ ವ್ಯಾಪಾರಿ ಥಾಮಸ್ ಗ್ಲೋವರ್‌ನ 1863ರ ಮನೆ ಜಪಾನಿನಲ್ಲಿ ಉಳಿದಿರುವ ಪಾಶ್ಚಾತ್ಯ ಶೈಲಿಯ ಮರದ ಮನೆಗಳಲ್ಲಿ ಅತಿ ಹಳೆಯದು. ಹಡಗು, ಬಂದೂಕು, ಕಲ್ಲಿದ್ದಲು ಮೂರರಲ್ಲೂ ಅವನ ಕೈಯಿತ್ತು. ಮನೆಯ ಮುಂದೆ ನಿಂತರೆ ಇಡೀ ಬಂದರೂ ಆಚೆ ದಡದ ಹಡಗುಕಟ್ಟೆಯೂ ಒಂದೇ ನೋಟಕ್ಕೆ ಸಿಗುತ್ತವೆ.

ಅಲ್ಲಿಂದ ಕೆಳಗಿಳಿದು ಟ್ರಾಮ್ ಹಿಡಿಯಿರಿ. 1915ರಿಂದ ಓಡುತ್ತಿರುವ ಈ ಟ್ರಾಮಿನಲ್ಲಿ ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ. ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದಿನ ಬಾಗಿಲಲ್ಲಿ ಚಾಲಕನ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. 5ನೇ ಮಾರ್ಗದ ಟ್ರಾಮಿನಿಂದ ಶಿಂಚಿ ಚೈನಾಟೌನ್ ನಿಲ್ದಾಣದಲ್ಲಿ ಇಳಿದು 1ನೇ ಮಾರ್ಗಕ್ಕೆ ಬದಲಾಯಿಸಬೇಕು. ಇಳಿಯುವಾಗ ಬದಲಾವಣೆ ಚೀಟಿ ಕೇಳಿ ಪಡೆದರೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಮುಂದಿನ ನಿಲ್ದಾಣವೇ ದೆಜಿಮಾ, ಒಂದು ಕಾಲಕ್ಕೆ ಡಚ್ಚರನ್ನು ಕೂಡಿಟ್ಟ ದ್ವೀಪ.

ದೆಜಿಮಾದಲ್ಲಿ ಇಳಿದವರು ದ್ವೀಪ ಎಲ್ಲಿದೆ ಎಂದು ಹುಡುಕುತ್ತಾರೆ. ಸಮುದ್ರ ಈಗ ದೂರ ಸರಿದಿದೆ. 1904ರ ಹೊತ್ತಿಗೆ ಬಂದರಿನ ಕಾಮಗಾರಿಗಾಗಿ ಸುತ್ತಲೂ ಮಣ್ಣು ತುಂಬಿದ್ದರಿಂದ ದ್ವೀಪ ಊರಿನೊಳಗೆ ಕರಗಿಹೋಯಿತು. ನಗರಸಭೆಯವರು ದಶಕಗಳ ಕಾಲ ಜಾಗ ಬಿಡಿಸಿಕೊಂಡು, ಅಗೆದು, ಹಳೆಯ ಚಿತ್ರಗಳನ್ನು ನೋಡಿ ಕಟ್ಟಡಗಳನ್ನು ಮತ್ತೆ ಎಬ್ಬಿಸಿದ್ದಾರೆ. 2017ರಲ್ಲಿ ದ್ವೀಪಕ್ಕೆ ಹೋಗುವ ಸೇತುವೆಯೂ ಮತ್ತೆ ಬಂತು. ಒಳಗೆ ಹೋದರೆ ಮೊದಲು ತಟ್ಟುವುದು ಜಾಗದ ಇಕ್ಕಟ್ಟು. ಬೀಸಣಿಗೆಯ ಆಕಾರದ ಈ ಕೃತಕ ದ್ವೀಪದ ವಿಸ್ತಾರ ಸುಮಾರು 15,000 ಚದರ ಮೀಟರ್, ಅಂದರೆ ನಾಲ್ಕು ಎಕರೆಗೂ ಕಡಿಮೆ.

1636ರಲ್ಲಿ ಮುಗಿದ ಇದನ್ನು ಕಟ್ಟಿದ್ದು ಪೋರ್ಚುಗೀಸರನ್ನು ಊರಿನ ಜನರಿಂದ ಬೇರೆ ಇಡಲು. ಖರ್ಚು ಹಾಕಿದವರು ನಾಗಸಾಕಿಯ 25 ಮಂದಿ ವರ್ತಕರು. ಅವರಿಗೆ ಬಾಡಿಗೆ ಬರುತ್ತಿತ್ತು. 1639ರಲ್ಲಿ ಪೋರ್ಚುಗೀಸರನ್ನು ಓಡಿಸಿದ ಮೇಲೆ 1641ರಲ್ಲಿ ಡಚ್ಚರನ್ನು ತಂದು ಇಲ್ಲಿ ಕೂರಿಸಿದರು. ಮುಂದಿನ ಇನ್ನೂರಕ್ಕೂ ಹೆಚ್ಚು ವರ್ಷ ಯುರೋಪಿನವರಿಗೆ ಜಪಾನಿನಲ್ಲಿ ಕಾಲೂರಲು ಇದ್ದದ್ದು ಈ ನಾಲ್ಕು ಎಕರೆಯೊಂದೇ. ಸಾಮಾನ್ಯವಾಗಿ ಹತ್ತು-ಹದಿನೈದು ಮಂದಿ ಡಚ್ಚರು ಇರುತ್ತಿದ್ದರು. ಅಪ್ಪಣೆಯಿಲ್ಲದೆ ಸೇತುವೆ ದಾಟುವ ಹಾಗಿಲ್ಲ. ಬಹಿರಂಗ ಪ್ರಾರ್ಥನೆ ಮಾಡುವ ಹಾಗಿಲ್ಲ. ಹಡಗು ಬಂದಾಗಲೆಲ್ಲ ಬೈಬಲ್ಲುಗಳನ್ನು ಕಟ್ಟಿ ಮುದ್ರೆ ಹಾಕಿಡಬೇಕು. ಹೊರ ಪ್ರಪಂಚದಲ್ಲಿ ಏನೇನಾಯಿತು ಎಂಬ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಅಮೆರಿಕದ ನೌಕಾಧಿಕಾರಿ ಪೆರಿ 1853ರಲ್ಲಿ ಯುದ್ಧನೌಕೆಗಳೊಂದಿಗೆ ಬರುವ ಸುದ್ದಿ ಹಿಂದಿನ ವರ್ಷವೇ ಜಪಾನಿನ ಆಡಳಿತಕ್ಕೆ ಈ ವರದಿಯಿಂದ ತಿಳಿದಿತ್ತು.

ಈ ಇಕ್ಕಟ್ಟಿನ ಬಾಗಿಲಲ್ಲಿ ಹಾದುಹೋದದ್ದೇನು? ನಮ್ಮ ಕೋರಮಂಡಲ ಕರಾವಳಿಯ ಬಣ್ಣದ ಹತ್ತಿ ಬಟ್ಟೆ ಬಂತು. ಜಪಾನೀಯರು ಅದನ್ನು ಸರಸ ಎಂದು ಕರೆದು ಚೂರನ್ನೂ ಬಿಡದೆ ಜೋಪಾನ ಮಾಡಿದರು. ಜಪಾನಿನ ತಾಮ್ರ ಡಚ್ಚರ ಹಡಗಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಸಕ್ಕರೆ ಬಂತು, ಅದರಿಂದ ನಾಗಸಾಕಿ ಸಿಹಿತಿಂಡಿಗೆ ಹೆಸರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯೆ ಬಂತು. ಡಚ್ ಭಾಷೆಯ ಅಂಗರಚನಾ ಗ್ರಂಥವೊಂದನ್ನು ಸುಗಿತಾ ಗೆಂಪಾಕು ಮತ್ತು ಸಂಗಡಿಗರು ಕಷ್ಟಪಟ್ಟು ಜಪಾನಿನಲ್ಲಿ ಓದಲು ಸಿಗುವಂತೆ ಮಾಡಿ 1774ರಲ್ಲಿ ಪ್ರಕಟಿಸಿದರು. 1823ರಲ್ಲಿ ದೆಜಿಮಾದ ವೈದ್ಯನಾಗಿ ಬಂದ ಜರ್ಮನ್ ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಡ್ ಊರಿನ ಹೊರಗೆ ಶಾಲೆ ನಡೆಸಿ ಜಪಾನೀ ಯುವಕರಿಗೆ ವೈದ್ಯ ಕಲಿಸಿದ. 1849ರಲ್ಲಿ ಬಟಾವಿಯಾದಿಂದ, ಅಂದರೆ ಇಂದಿನ ಜಕಾರ್ತಾದಿಂದ, ಸಿಡುಬಿನ ಲಸಿಕೆ ಇಲ್ಲಿಗೆ ತಲುಪಿ ದೇಶವಿಡೀ ಹರಡಿತು. 1857ರಲ್ಲಿ ಡಚ್ ವೈದ್ಯ ಪಾಂಪೆ ಪಾಠ ಆರಂಭಿಸಿದ. ನಾಗಸಾಕಿಯ ವೈದ್ಯಕೀಯ ಕಾಲೇಜು ತನ್ನ ಹುಟ್ಟನ್ನು ಗುರುತಿಸುವುದು ಆ ದಿನದಿಂದ. ಈ ಕಾಲೇಜಿನ ಹೆಸರನ್ನೂ ನೆನಪಿಡಿ.

ಮತ್ತೆ 1ನೇ ಮಾರ್ಗದ ಟ್ರಾಮ್ ಹತ್ತಿ ಉತ್ತರಕ್ಕೆ ಹೋದರೆ ಉರಕಾಮಿ. ಊರಿನ ಹಳೆಯ ಭಾಗಕ್ಕೂ ಈ ಕಣಿವೆಗೂ ನಡುವೆ ಗುಡ್ಡವಿದೆ. ಈ ಗುಡ್ಡ ಒಂದು ಕಡೆಯವರನ್ನು ಉಳಿಸಿತು, ಇನ್ನೊಂದು ಕಡೆಯವರನ್ನು ಉಳಿಸಲಿಲ್ಲ. ಆ ಆಗಸ್ಟ್ 9ರಂದು ಬಾಂಬು ಹೊತ್ತ ಅಮೆರಿಕದ ವಿಮಾನ ಹೊರಟದ್ದು ಕೊಕುರಾ ಊರಿಗೆ. ಅಲ್ಲಿ ಮೋಡ, ಹೊಗೆ ಕವಿದು ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಇಲ್ಲೂ ಮೋಡ. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಗುರಿಯಿಟ್ಟ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ಆಚೆ, ಉರಕಾಮಿಯ ನೆತ್ತಿಯ ಮೇಲೆ 500 ಮೀಟರ್ ಎತ್ತರದಲ್ಲಿ ಪ್ಲುಟೋನಿಯಂ ಬಾಂಬು ಸಿಡಿಯಿತು. ಗುಡ್ಡದ ಮರೆಯಿದ್ದ ಓಉರಾ ಚರ್ಚು, ಗ್ಲೋವರ್ ಮನೆ ಪೆಟ್ಟು ತಿಂದರೂ ನಿಂತವು. ಉರಕಾಮಿ ನಿಲ್ಲಲಿಲ್ಲ.

ಆಗ ಊರಿನಲ್ಲಿದ್ದವರು ಸುಮಾರು 2,40,000 ಮಂದಿ. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 74,000 ಮಂದಿ ಸತ್ತಿದ್ದರು. ಯುದ್ಧಕ್ಕೆ ಟಾರ್ಪೆಡೊ ತಯಾರಿಸುತ್ತಿದ್ದ ಕಾರ್ಖಾನೆ ಈ ಕಣಿವೆಯಲ್ಲಿತ್ತು ಎಂಬುದೂ ನಿಜ, ಶಾಲೆಗಳೂ ಆಸ್ಪತ್ರೆಯೂ ಇಲ್ಲೇ ಇದ್ದವು ಎಂಬುದೂ ನಿಜ. ಕೊರಿಯಾದಿಂದ ತಂದು ದುಡಿಸುತ್ತಿದ್ದ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಸೆರೆಶಿಬಿರದಲ್ಲಿದ್ದ ಯುದ್ಧಕೈದಿಗಳೂ ಸಿಕ್ಕಿಕೊಂಡರು. ಅವರಲ್ಲಿ ಡಚ್ಚರೂ ಇದ್ದರು. ಡಚ್ ವೈದ್ಯನ ಪಾಠದಿಂದ ಹುಟ್ಟಿದ ಆ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಸೇರಿ ಎಂಟುನೂರಕ್ಕೂ ಹೆಚ್ಚು ಜನ ಹೋದರು. ಗಾಯಾಳುಗಳನ್ನು ನೋಡಬೇಕಾದವರೇ ಇಲ್ಲವಾದರು.

ಉರಕಾಮಿ ಚರ್ಚು ಇದ್ದದ್ದು ಬಾಂಬು ಸಿಡಿದ ಕೇಂದ್ರದಿಂದ ಸುಮಾರು 500 ಮೀಟರ್ ದೂರದಲ್ಲಿ. ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೆ ಮುಂಚಿನ ಪಾಪನಿವೇದನೆಗೆಂದು ಬಂದವರೂ ಅವರ ಪಾದ್ರಿಗಳೂ ಒಳಗಿದ್ದರು. ಯಾರೂ ಉಳಿಯಲಿಲ್ಲ. ಆ ಚರ್ಚಿಗೆ ಸೇರಿದ ಸುಮಾರು 12,000 ಜನರಲ್ಲಿ 8,500 ಮಂದಿ ಸತ್ತರು. ಫಲಕ ತುಳಿದವರ, ಗಡೀಪಾರಾದವರ, ಮರಳಿ ಬಂದು ಇಟ್ಟಿಗೆ ಹೊತ್ತವರ ಮಕ್ಕಳು ಮೊಮ್ಮಕ್ಕಳು ಅವರು. ತಮ್ಮದೇ ಸರ್ಕಾರ 250 ವರ್ಷ ಪ್ರಯತ್ನಿಸಿಯೂ ಅಳಿಸಲಾಗದ ಸಮುದಾಯವೊಂದನ್ನು, ಅದೇ ಧರ್ಮದವರು ಬಹುಸಂಖ್ಯೆಯಲ್ಲಿರುವ ದೇಶದ ಒಂದು ಬಾಂಬು ಕ್ಷಣದಲ್ಲಿ ಬಹುಪಾಲು ಅಳಿಸಿತು. ಓಉರಾ ನೋಡದೆ ನೇರ ಇಲ್ಲಿಗೆ ಬಂದವರಿಗೆ 8,500 ಎಂಬುದು ಬರೀ ಒಂದು ಅಂಕಿ.

ಶಾಂತಿ ಉದ್ಯಾನದಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಕಿತಾಮುರಾ ಸೇಬೊ ರೂಪಿಸಿದ, 1955ರಲ್ಲಿ ನಿಲ್ಲಿಸಿದ ದೊಡ್ಡ ಪ್ರತಿಮೆಯ ಮುಂದೆ. ಮೇಲೆತ್ತಿದ ಬಲಗೈ ಆಕಾಶದಿಂದ ಬಂದ ಅಪಾಯವನ್ನು ತೋರಿದರೆ, ಚಾಚಿದ ಎಡಗೈ ಶಾಂತಿಯನ್ನು ಸೂಚಿಸುತ್ತದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕೆಳಗಿನ ಸ್ಫೋಟ ಕೇಂದ್ರಕ್ಕೆ ಬನ್ನಿ. ಕಪ್ಪು ಕಲ್ಲಿನ ಕಂಬವೊಂದು ನೆಟ್ಟಗೆ ನಿಂತಿದೆ. ಪಕ್ಕದಲ್ಲಿ ಹಳೆಯ ಉರಕಾಮಿ ಚರ್ಚಿನ ಗೋಡೆಯ ಒಂದು ತುಂಡನ್ನು ತಂದು ನಿಲ್ಲಿಸಿದ್ದಾರೆ. ನಂತರ ಅಣುಬಾಂಬಿನ ವಸ್ತುಸಂಗ್ರಹಾಲಯ. ಇದಕ್ಕೆ ಒಂದೂವರೆ ಗಂಟೆ ಮೀಸಲಿಡಿ. 11:02ಕ್ಕೆ ನಿಂತ ಗಡಿಯಾರ, ಕರಗಿ ಒಂದಾದ ಗಾಜಿನ ಬಾಟಲಿಗಳು ಎಲ್ಲವನ್ನೂ ಅಬ್ಬರವಿಲ್ಲದೆ ಇಟ್ಟಿದ್ದಾರೆ. ಚಿಕ್ಕ ಮಕ್ಕಳು ಜೊತೆಗಿದ್ದರೆ ಒಳಗಿನ ಚಿತ್ರಗಳ ಬಗ್ಗೆ ಮೊದಲೇ ಯೋಚಿಸಿ. ಸಮಯ ಉಳಿದರೆ ಸನ್ನೊ ದೇಗುಲಕ್ಕೆ ನಡೆಯಿರಿ. ಕೇಂದ್ರದಿಂದ ಸುಮಾರು 800 ಮೀಟರ್ ದೂರದ ಅದರ ಕಲ್ಲಿನ ಮಹಾದ್ವಾರದ ಒಂದು ಕಂಬ ಬಿದ್ದು, ಇನ್ನೊಂದು ಕಂಬ ಅರ್ಧ ತೊಲೆಯನ್ನು ಹೊತ್ತು ಹಾಗೇ ನಿಂತಿದೆ. ಒಳಗಿನ ಎರಡು ಕರ್ಪೂರದ ಮರಗಳು ಅಂದು ಸುಟ್ಟು ಬೋಳಾಗಿದ್ದವು. ಮತ್ತೆ ಚಿಗುರಿ ಈಗ ದಟ್ಟ ನೆರಳು ಕೊಡುತ್ತಿವೆ.

ಉರಕಾಮಿ ಚರ್ಚನ್ನು 1959ರಲ್ಲಿ ಮತ್ತೆ ಕಟ್ಟಿದರು. ಎರಡು ಗೋಪುರಗಳ ಪೈಕಿ ಒಂದರಲ್ಲಿ ಮಾತ್ರ ಹಳೆಯ ಗಂಟೆಯಿತ್ತು, ಇನ್ನೊಂದರ ಗಂಟೆ ಬಾಂಬಿಗೆ ಒಡೆದುಹೋಗಿತ್ತು. ಅಮೆರಿಕದ ಕ್ಯಾಥೊಲಿಕರು ದುಡ್ಡು ಕೂಡಿಸಿ ಹೊಸ ಗಂಟೆ ಮಾಡಿಸಿಕೊಟ್ಟರು. ಬಾಂಬು ಬಿದ್ದು 80 ವರ್ಷವಾದ 2025ರ ಆಗಸ್ಟ್ 9ರಂದು ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.

ಕೆಲವು ವ್ಯಾವಹಾರಿಕ ಮಾತು. ವೀಸಾ ನಿಯಮವನ್ನು ಹಡಗಿನ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಸಸ್ಯಾಹಾರಿಗಳಿಗೆ ಊಟ ಇಲ್ಲಿ ಕಷ್ಟ. ಊರಿನ ಹೆಮ್ಮೆಯಾದ ಚಾಂಪೊನ್ ಶಾವಿಗೆಯ ಸಾರು ಹಂದಿ, ಕೋಳಿ ಮೂಳೆಯದು. ಪೋರ್ಚುಗೀಸರಿಂದ ಬಂದ ಕಸ್ತೆಲಾ ಕೇಕಿನಲ್ಲಿ ಮೊಟ್ಟೆ ತುಂಬಾ ಇರುತ್ತದೆ. ಹಡಗಿನಲ್ಲೇ ತಿಂದು, ಸ್ವಲ್ಪ ಕಟ್ಟಿಕೊಳ್ಳಲು ಬಿಡುತ್ತಾರೋ ಎಂದು ಕೇಳಿಕೊಂಡು ಇಳಿಯುವುದು ಮೇಲು. ಉರಕಾಮಿಯಿಂದ ಧಕ್ಕೆಗೆ ಟ್ರಾಮಿನಲ್ಲಿ, ಬದಲಾವಣೆಯೂ ಸೇರಿ, ಮುಕ್ಕಾಲು ಗಂಟೆ ಹಿಡಿಯಬಹುದು. ಗಡುವಿಗೆ ಎರಡು ಗಂಟೆ ಮೊದಲೇ ಅಲ್ಲಿಂದ ಹೊರಡಿ. ಹಶಿಮಾ ಎಂಬ ಹಾಳುಬಿದ್ದ ಕಲ್ಲಿದ್ದಲು ದ್ವೀಪ ನೋಡುವ ಆಸೆ ಹಲವರಿಗಿರುತ್ತದೆ. ಅದಕ್ಕೆ ದೋಣಿ ಪ್ರಯಾಣವೇ ಅರ್ಧ ದಿನ ತಿನ್ನುತ್ತದೆ, ಅಲೆ ಹೆಚ್ಚಿದ್ದರೆ ಇಳಿಸುವುದೂ ಇಲ್ಲ. ಒಂದೇ ಹಗಲಿರುವವರು ಅದನ್ನು ಬಿಡುವುದೇ ಒಳ್ಳೆಯದು.

ಬಾಂಬಿನ ದಾಳಿಯಲ್ಲಿ ಬದುಕುಳಿದವರ ಸಂಘಟನೆ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬದುಕುಳಿದವರ ಸರಾಸರಿ ವಯಸ್ಸು ಈಗ 85 ದಾಟಿದೆ. ಇನ್ನು ಕೆಲವೇ ವರ್ಷಗಳಲ್ಲಿ, ಅಂದು ಏನಾಯಿತು ಎಂದು ಹೇಳಲು ಉಳಿಯುವುದು ಈ ಊರಿನ ಕಲ್ಲು, ಗೋಡೆ, ಸಂಗ್ರಹಾಲಯಗಳು ಮಾತ್ರ. ಅಣ್ವಸ್ತ್ರವುಳ್ಳ ದೇಶದ ಪ್ರಜೆಗಳಾದ ನಮಗೆ ಅವನ್ನು ನೋಡುವ ಹೊಣೆ ಉಳಿದವರಿಗಿಂತ ಹೆಚ್ಚು. ಹಡಗು ನಾಗಸಾಕಿಯಲ್ಲಿ ನಿಂತ ದಿನ ಅಂಗಡಿ ಬೀದಿಯನ್ನು ಬಿಟ್ಟರೂ ಅಡ್ಡಿಯಿಲ್ಲ. ಓಉರಾದಿಂದ ಉರಕಾಮಿಯವರೆಗಿನ ದಾರಿಯನ್ನು ಮಾತ್ರ ಬಿಡಬೇಡಿ, ಮಕ್ಕಳಿಗೆ ತಿಳಿಯುವ ವಯಸ್ಸಾಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.